ಮಂಗಳವಾರದ ಹಿಮ: ಆಪ್ 3 ಇಂಚು ಅನ್ನುತ್ತೆ, ಮ್ಯಾಪ್ 14 ಅನ್ನುತ್ತೆ. ಯಾವುದನ್ನ ನಂಬಲಿ?

ಕಿಟಕಿ_ಪಕ್ಕ · ಶನಿವಾರ ರಾತ್ರಿ 9:40

ಸೋಮವಾರ ರಾತ್ರಿಯಿಂದ ಮಂಗಳವಾರ ಮಧ್ಯಾಹ್ನದವರೆಗೆ ನಮ್ಮ ಕಡೆ ಹಿಮದ ಬಿರುಗಾಳಿ ಬರುತ್ತಂತೆ. ಫೋನಿನ ಆಪ್ 3 ಇಂಚು ಅನ್ನುತ್ತೆ. ಗೆಳೆಯರ ಗುಂಪಿನಲ್ಲಿ ಯಾರೋ ಹಾಕಿದ ಮ್ಯಾಪ್‌ನಲ್ಲಿ ನಮ್ಮ ಊರಿನ ಮೇಲೆ ಕಡು ನೇರಳೆ ಬಣ್ಣ, 14 ಇಂಚು. ಬೆಳಿಗ್ಗೆ ಅದೇ ಮ್ಯಾಪ್ 8 ತೋರಿಸಿತ್ತು. ಸಂಜೆಯೊಳಗೆ 6 ಇಂಚು ಎಲ್ಲಿಂದ ಬಂತು?

ಸುಮ್ನೆ ಕುತೂಹಲಕ್ಕೆ ಕೇಳ್ತಿಲ್ಲ. ಮಂಗಳವಾರ ಬೆಳಿಗ್ಗೆ 9ಕ್ಕೆ ಅಮ್ಮನ ವಿಮಾನ ಇಳಿಯುತ್ತೆ. ಏರ್‌ಪೋರ್ಟ್ ಮನೆಯಿಂದ 45 ಮೈಲಿ. ಟಿಕೆಟ್ ಬುಧವಾರಕ್ಕೆ ಬದಲಿಸಬೇಕಾದರೆ ನಾಳೆ ರಾತ್ರಿಯೊಳಗೆ ಹೇಳಬೇಕು. ನಮ್ಮ ಮನೆ ಕಡಲಿಂದ ಸುಮಾರು 40 ಮೈಲಿ ಒಳಗೆ, 600 ಅಡಿ ಎತ್ತರದಲ್ಲಿದೆ. ತಿಳಿದವರು ಒಂದು ಸಂಖ್ಯೆ ಹೇಳಿ ಪ್ಲೀಸ್.

ಸಲಿಕೆ_ಸರದಾರ · 9:48

7.

ಕಿಟಕಿ_ಪಕ್ಕ · 9:49

ಯಾವ ಆಧಾರದ ಮೇಲೆ?

ಸಲಿಕೆ_ಸರದಾರ · 9:51

3 ಮತ್ತು 14ರ ನಡುವೆ ಇದೆಯಲ್ಲ. ಹದಿನೈದು ವರ್ಷದಿಂದ ಹಿಮ ಎತ್ತಿ ಹಾಕ್ತಿದ್ದೇನೆ, ನನ್ನ ಸೊಂಟಕ್ಕೆ ಯಾವ ಮಾಡೆಲ್‌ಗಿಂತ ಜಾಸ್ತಿ ಗೊತ್ತು.

ಅರ್ಧ_ಡಿಗ್ರಿ · 10:20

ಮೊದಲು ಆ ಮ್ಯಾಪ್ ಬದಿಗಿಡಿ. ಅದು ಮುನ್ಸೂಚನೆ ಅಲ್ಲ, ಒಂದು ಮಾಡೆಲ್‌ನ, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂನ, ಒಂದು ಓಟ, ಅಷ್ಟೇ. ಅಮೆರಿಕದವರ ಜಿಎಫ್‌ಎಸ್ ಅನ್ನೋ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತೆ. ನಾಲ್ಕು ಓಟ, ನಾಲ್ಕು ಮ್ಯಾಪ್. ಅದರಲ್ಲಿ ಅತಿ ಹೆಚ್ಚು ತೋರಿಸಿದ್ದು ಯಾವುದೋ ಅದೇ ಎಲ್ಲರ ಗುಂಪಿಗೂ ಹೋಗುತ್ತೆ. 2 ಇಂಚಿನ ಮ್ಯಾಪ್ ಯಾರಾದರೂ ಫಾರ್ವರ್ಡ್ ಮಾಡಿದ್ದು ನೋಡಿದ್ದೀರಾ?

ಎರಡನೇ ಮಾತು. ಮಾಡೆಲ್ ನಿಜವಾಗಿ ಲೆಕ್ಕ ಹಾಕೋದು ನೀರನ್ನ. ಆಮೇಲೆ ಮ್ಯಾಪ್ ಮಾಡುವ ಸೈಟ್‌ನವರು 1 ಇಂಚು ನೀರಿಗೆ 10 ಇಂಚು ಹಿಮ ಅಂತ ಗುಣಿಸಿ ಬಣ್ಣ ಹಚ್ಚುತ್ತಾರೆ. ಈ ಹತ್ತರ ಲೆಕ್ಕ ಎಲ್ಲ ಕಡೆ ನಡೆಯಲ್ಲ. ಸೊನ್ನೆ ಡಿಗ್ರಿ ಹತ್ತಿರದ ಒದ್ದೆ ಹಿಮವಾದರೆ 5 ಬರಬಹುದು, ಒಣ ಚಳಿಯ ಪುಡಿ ಹಿಮವಾದರೆ 15, 20 ಕೂಡ. ಅಂದರೆ 0.8 ಇಂಚು ನೀರು ಒಂದು ಕಡೆ 4 ಇಂಚು ಹಿಮ, ಇನ್ನೊಂದು ಕಡೆ 12. ಜೊತೆಗೆ ಕೆಲವು ಸೈಟ್‌ಗಳು ಸ್ಲೀಟನ್ನೂ ಹಿಮದ ಲೆಕ್ಕಕ್ಕೇ ಸೇರಿಸಿಬಿಡುತ್ತವೆ. ನಿಮ್ಮ 14ರಲ್ಲಿ ಎಷ್ಟು ನಿಜವಾದ ಹಿಮ ಅಂತ ಆ ಮ್ಯಾಪ್ ನೋಡಿ ಹೇಳೋಕಾಗಲ್ಲ.

ಒದ್ದೆ_ಕೈಗವಸು · 10:31

ಸ್ಲೀಟ್ ಅಂದರೆ ಆಲಿಕಲ್ಲು ಅಲ್ವಾ?

ಅರ್ಧ_ಡಿಗ್ರಿ · 10:38

ಅಲ್ಲ. ಆಲಿಕಲ್ಲು ಹುಟ್ಟೋದು ಗುಡುಗು ಮೋಡದಲ್ಲಿ, ಮೇಲಕ್ಕೆ ಚಿಮ್ಮುವ ಗಾಳಿಯಲ್ಲಿ. ಸ್ಲೀಟ್ ಅಂದರೆ ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಹಿಮ. ಮೇಲೆ ಎಲ್ಲೋ ಒಂದು ಬೆಚ್ಚನೆ ಪದರ ಇರುತ್ತೆ, ನೆಲದ ಹತ್ತಿರ ಚಳಿ ಇರುತ್ತೆ. ಆ ಪದರ 1 ಡಿಗ್ರಿಗಿಂತ ಕಡಿಮೆ ಇದ್ದರೆ ಹಿಮ ಸಾಮಾನ್ಯವಾಗಿ ಹಿಮವಾಗೇ ಇಳಿಯುತ್ತೆ. 1ರಿಂದ 3 ಡಿಗ್ರಿಯಲ್ಲಿ ಅರೆಬರೆ ಕರಗಿ, ಕೆಳಗೆ ಬರುವಾಗ ಮತ್ತೆ ಐಸ್ ಕಾಳಾಗುತ್ತೆ. 3 ದಾಟಿದರೆ ಪೂರ್ತಿ ನೀರು. ಕೆಳಗಿನ ಚಳಿ ಪದರ ತೆಳು ಇದ್ದರೆ ಅದು ನೀರಾಗೇ ಬಂದು, ರಸ್ತೆ, ಕೊಂಬೆ, ವೈರ್ ಮುಟ್ಟಿದ ಮೇಲೆ ಹೆಪ್ಪುಗಟ್ಟುತ್ತೆ. ಮೂರರಲ್ಲಿ ಕೊನೆಯದೇ ಅಪಾಯ.

ನನ್ನ ಹೆಸರು ಅರ್ಧ ಡಿಗ್ರಿ ಅಂತ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ.

ಕೆರೆ_ದಂಡೆ · 11:05

ಇಂಚು, ಸೆಲ್ಸಿಯಸ್, ಮೈಲಿ. ಈ ಚರ್ಚೆಗೆ ಒಂದು ಅಳತೆ ಪದ್ಧತಿ ಅಂತ ಇದೆಯಾ?

ಸಲಿಕೆ_ಸರದಾರ · 11:07

ಹಿಮ ಇಂಚಿನಲ್ಲಿ ಬೀಳುತ್ತೆ, ಚಳಿ ಸೆಲ್ಸಿಯಸ್‌ನಲ್ಲಿ ಆಗುತ್ತೆ. ಬೇಕಾದರೆ ಇರಿ.

ಬ್ಯಾರೋಮೀಟರ್ · ಭಾನುವಾರ ಬೆಳಿಗ್ಗೆ 7:15

ಅರ್ಧ ಡಿಗ್ರಿ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಒಂದು ಓಟ ನೋಡಬೇಡಿ, ಗುಂಪನ್ನ ನೋಡಿ. ಯುರೋಪಿಯನ್ ಸೆಂಟರ್ ಅನ್ನೋ ಹವಾಮಾನ ಸಂಸ್ಥೆಯವರು ಒಂದೇ ಮಾಡೆಲನ್ನ ಶುರುವಿನ ಸ್ಥಿತಿಯಲ್ಲಿ ಚೂರುಚೂರು ಬದಲಾಯಿಸಿ 51 ಸಲ ಓಡಿಸುತ್ತಾರೆ. ಜಿಎಫ್‌ಎಸ್‌ನವರದ್ದು 31. ಈಗಿನ ಗಾಳಿ, ಶಾಖ, ತೇವ ಇಷ್ಟೇ ಅಂತ ಕರಾರುವಾಕ್ಕಾಗಿ ಯಾರಿಗೂ ಅಳೆಯೋಕಾಗಲ್ಲ. ಆ ಸಣ್ಣ ತಪ್ಪು ಬೆಳೆದು ಬೆಳೆದು ಮೂರನೇ ದಿನಕ್ಕೆ ಬಿರುಗಾಳಿಯನ್ನೇ 60 ಮೈಲಿ ಆಚೆ ಸರಿಸುತ್ತೆ. ಹವಾಮಾನ ವಿಜ್ಞಾನಿ ಲೊರೆನ್ಜ್ 1963ರಲ್ಲೇ ಇದನ್ನ ತೋರಿಸಿಕೊಟ್ಟಿದ್ದರು.

ಇವತ್ತು ಬೆಳಗಿನ 51ನ್ನ ನೋಡಿದೆ. ನಿಮ್ಮ ಕಡೆಗೆ ಅವು ಎರಡು ಗುಂಪಾಗಿವೆ. ಒಂದರಲ್ಲಿ ಬಿರುಗಾಳಿಯ ಕೇಂದ್ರ ಕಡಲಲ್ಲೇ ದೂರ ಹೋಗುತ್ತೆ, ನಿಮಗೆ 8ರಿಂದ 12. ಇನ್ನೊಂದರಲ್ಲಿ ದಂಡೆಗೆ ಒತ್ತಿಕೊಂಡು ಬರುತ್ತೆ, ಕಡಲ ಬೆಚ್ಚನೆ ಗಾಳಿ ಒಳಗೆ ನುಗ್ಗುತ್ತೆ, ನಿಮಗೆ 3 ಅಥವಾ 4, ಆಮೇಲೆ ಸ್ಲೀಟ್. ಎರಡನ್ನೂ ಕೂಡಿಸಿ ಭಾಗಿಸಿದರೆ ನಮ್ಮ ಸಲಿಕೆ ಸರದಾರರ 7 ಬರುತ್ತೆ. ಆದರೆ 51ರಲ್ಲಿ 7 ತೋರಿಸಿದ್ದು ಮೂರೋ ನಾಲ್ಕೋ ಅಷ್ಟೇ. ಸರಾಸರಿ ಅನ್ನೋದು ಇಲ್ಲಿ ಯಾರೂ ವಾಸ ಇಲ್ಲದ ಮನೆಯ ವಿಳಾಸ.

ಸಲಿಕೆ_ಸರದಾರ · 7:40

ನಾನು ವಾಸ ಇದ್ದೇನೆ.

ಗಾಳಿ_ಗೋಪುರ · 8:02

ಇದೆಲ್ಲ ಕತೆ. 2015ರ ಜನವರಿ ನೆನಪಿದೆಯಾ? ನ್ಯೂಯಾರ್ಕ್‌ಗೆ 2 ಅಡಿ, ಇನ್ನೂ ಜಾಸ್ತಿ ಅಂದರು. ಸಬ್‌ವೇ ನಿಲ್ಲಿಸಿದರು, ರಸ್ತೆ ಮುಚ್ಚಿದರು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದಿದ್ದು 9.8 ಇಂಚು. ಆಗಲೂ ಎಲ್ಲರೂ ಯುರೋಪಿಯನ್ ಮಾಡೆಲ್ ದೇವರು ಅಂತ ಕೈ ಮುಗಿದಿದ್ದರು. ಬಡಪಾಯಿ ಜಿಎಫ್‌ಎಸ್ ಕಡಿಮೆ ತೋರಿಸಿತ್ತು, ಅದನ್ನ ಯಾರೂ ಕೇಳಲಿಲ್ಲ.

ಬ್ಯಾರೋಮೀಟರ್ · 8:30

ಪೂರ್ತಿ ಹೇಳಿ ಸ್ವಾಮಿ. ಅದೇ ಬಿರುಗಾಳಿ ಲಾಂಗ್ ಐಲ್ಯಾಂಡ್‌ನ ಪೂರ್ವ ತುದಿಯಲ್ಲಿ 2 ಅಡಿ ಸುರಿಯಿತು. ಬಿರುಗಾಳಿ ಬಂತು, ಹೇಳಿದಷ್ಟೇ ಜೋರಾಗಿ ಬಂತು, ಸುಮಾರು 50 ಮೈಲಿ ಪೂರ್ವಕ್ಕೆ ಬಂತು ಅಷ್ಟೇ. ಭೂಪಟದಲ್ಲಿ ಅದು ಹೆಬ್ಬೆರಳಿನ ಅಗಲ. ಮಾಡೆಲ್ ತಪ್ಪಿತು ಅನ್ನೋದಕ್ಕಿಂತ, ಎಷ್ಟು ಖಚಿತ ಅನ್ನೋದನ್ನ ಹೇಳದೆ ಬರೀ ಸಂಖ್ಯೆ ಹೇಳಿದ್ದು ತಪ್ಪು ಅನ್ನಿ, ಒಪ್ಪುತ್ತೇನೆ. ಫಿಲಡೆಲ್ಫಿಯಾ ಕಡೆಯ ಹವಾಮಾನ ಕಚೇರಿಯ ಒಬ್ಬ ಮುನ್ಸೂಚಕರು ಆ ರಾತ್ರಿ ಟ್ವಿಟರ್‌ನಲ್ಲಿ ಕ್ಷಮೆಯನ್ನೇ ಕೇಳಿದರು. 1993ರ ಮಾರ್ಚ್‌ನ ಮಹಾ ಬಿರುಗಾಳಿಯನ್ನ ಐದು ದಿನ ಮೊದಲೇ ಹೇಳಿದ್ದರು, ಅದನ್ನ ಯಾಕೆ ಯಾರೂ ನೆನೆಸಿಕೊಳ್ಳಲ್ಲ?

ಗಾಳಿ_ಗೋಪುರ · 8:41

2000ದ ಜನವರಿ ಹೇಳಲಾ? ನಾರ್ತ್ ಕ್ಯಾರೊಲಿನಾದ ರಾಲೀ ಊರಲ್ಲಿ 20.3 ಇಂಚು ಬಿತ್ತು. ಮಾಡೆಲ್‌ಗಳೆಲ್ಲ ಬಿರುಗಾಳಿ ಕಡಲಿಗೆ ಹೋಗುತ್ತೆ ಅಂದಿದ್ದವು.

ಬ್ಯಾರೋಮೀಟರ್ · 8:44

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೆರೆ_ದಂಡೆ · 9:20

ನೀವು 50 ಮೈಲಿಗೆ ಜಗಳ ಆಡ್ತಿದ್ದೀರಿ. ನಾನು ದೊಡ್ಡ ಸರೋವರದ ಪಕ್ಕ ಇರೋನು, ನಮ್ಮಲ್ಲಿ ಲೆಕ್ಕ ರಸ್ತೆ ರಸ್ತೆಗೆ. ಬೆಚ್ಚಗಿರುವ ನೀರಿನ ಮೇಲೆ ಚಳಿ ಗಾಳಿ ಉದ್ದಕ್ಕೆ ಬೀಸಿತು ಅಂದರೆ ಹಿಮದ ಪಟ್ಟಿ ಏಳುತ್ತೆ. ನೀರಿಗೂ ಸುಮಾರು 1.5 ಕಿಲೋಮೀಟರ್ ಮೇಲಿನ ಗಾಳಿಗೂ 13 ಡಿಗ್ರಿ ಅಂತರ ಬೇಕು, ಅದು ಹೆಬ್ಬೆಟ್ಟಿನ ಲೆಕ್ಕ. 2014ರ ನವೆಂಬರ್‌ನಲ್ಲಿ ಈರಿ ಸರೋವರದ ದಂಡೆಯ ಬಫಲೋ ಊರಿನ ದಕ್ಷಿಣದ ಬಡಾವಣೆಗಳಲ್ಲಿ 5 ಅಡಿ ಮೀರಿ ಬಿತ್ತು, ಊರಿನ ಉತ್ತರಕ್ಕೆ ಕೆಲವೇ ಇಂಚು. ಬಿಸಿಲಲ್ಲಿ ನಿಂತವರಿಗೆ ಆಚೆ ಬಿಳಿ ಗೋಡೆ ಎದ್ದ ಹಾಗೆ ಕಾಣುತ್ತಿತ್ತು. ಅಲ್ಲಿಗೆ "ಊರಿಗೆ ಎಷ್ಟು ಇಂಚು" ಅಂತ ಕೇಳಿದರೆ ಏನು ಹೇಳೋದು?

ಒದ್ದೆ_ಕೈಗವಸು · 9:33

ಬಿರುಗಾಳಿ ಈಗ ಕಡಲ ಮೇಲಿದೆ. ನೆಲಕ್ಕೆ ಬಂದ ಮೇಲೆ ಬಲೂನ್ ಬಿಟ್ಟು ಅಳೀತಾರೆ, ಆಗ ಮಾಡೆಲ್ ಸರಿಯಾಗುತ್ತೆ ಅಂತ ಎಲ್ಲೋ ಓದಿದ್ದೆ. ಅಲ್ಲಿವರೆಗೆ ಕಾಯಬಹುದಲ್ವಾ?

ಬ್ಯಾರೋಮೀಟರ್ · 9:50

ಈ ಮಾತು ಪ್ರತಿ ಚಳಿಗಾಲ ಬರುತ್ತೆ. ಬಲೂನ್ ದಿನಕ್ಕೆರಡು ಸಲ ಬಿಡೋದು ನಿಜ, ಉಪಯೋಗ ಇರೋದೂ ನಿಜ. ಆದರೆ ಈಗ ಮಾಡೆಲ್‌ಗೆ ಹೋಗುವ ಮಾಹಿತಿಯಲ್ಲಿ ಬಹುಪಾಲು ಉಪಗ್ರಹದ್ದು, ಕಡಲ ಮೇಲೂ ಕಣ್ಣು ಇದ್ದೇ ಇದೆ. ಹತ್ತಿರ ಬಂದಷ್ಟೂ ತಪ್ಪು ಕಡಿಮೆಯಾಗೋದು ಮುಖ್ಯವಾಗಿ ಸಮಯ ಕಡಿಮೆ ಉಳಿದಿರುತ್ತೆ ಅಂತ.

ಮಂಜು_ಮಂಕು · 11:10

ಟಿವಿಯಲ್ಲಿ ಬಾಂಬ್ ಸೈಕ್ಲೋನ್ ಅಂತಿದ್ದಾರೆ. ಜನರನ್ನ ಹೆದರಿಸೋಕೆ ದಿನಕ್ಕೊಂದು ಹೆಸರು ಹುಟ್ಟಿಸುತ್ತಾರೆ.

ಬ್ಯಾರೋಮೀಟರ್ · 11:25

ಟಿವಿಯವರು ಹುಟ್ಟಿಸಿದ್ದಲ್ಲ. ಸ್ಯಾಂಡರ್ಸ್ ಮತ್ತು ಗ್ಯಾಕಮ್ ಅನ್ನುವ ವಿಜ್ಞಾನಿಗಳ 1980ರ ಪ್ರಬಂಧದಲ್ಲೇ ಬಾಂಬ್ ಅನ್ನೋ ಪದ ಇದೆ. 24 ಗಂಟೆಯಲ್ಲಿ ಕೇಂದ್ರದ ಒತ್ತಡ 24 ಮಿಲಿಬಾರ್ ಕುಸಿಯಬೇಕು. ಅದು 60 ಡಿಗ್ರಿ ಅಕ್ಷಾಂಶದ ಲೆಕ್ಕ, 40 ಡಿಗ್ರಿ ಹತ್ತಿರ 18 ಆದರೂ ಸಾಕು. ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಾಂಬ್ ಅಂದ ಮಾತ್ರಕ್ಕೆ ನಿಮ್ಮ ಬಾಗಿಲಿಗೆ ಹಿಮ ಜಾಸ್ತಿ ಅಂತ ಅಲ್ಲ.

ಅರ್ಧ_ಡಿಗ್ರಿ · ಭಾನುವಾರ ಸಂಜೆ 5:30

@ಕಿಟಕಿ_ಪಕ್ಕ, ನಾವೆಲ್ಲ ನಿನ್ನೆಯಿಂದ ನಿಮ್ಮ ಮನೆ ಹಿತ್ತಿಲಿನ ಹಿಮ ಎಣಿಸ್ತಿದ್ದೇವೆ. ಅಮ್ಮ ಇಳಿಯೋದು ಹಿತ್ತಿಲಲ್ಲಿ ಅಲ್ಲವಲ್ಲ. ಏರ್‌ಪೋರ್ಟ್ ಯಾವ ಕಡೆಗಿದೆ?

ಕಿಟಕಿ_ಪಕ್ಕ · 5:34

ಕಡಲ ಕಡೆಗೆ. ದಂಡೆಯಿಂದ 4 ಮೈಲಿ ಇರಬಹುದು.

ಅರ್ಧ_ಡಿಗ್ರಿ · 5:58

ಹಾಗಿದ್ದರೆ ಪ್ರಶ್ನೆಯೇ ಬೇರೆ. ಎರಡು ಗುಂಪು ಅಂದರಲ್ಲ, ಮಧ್ಯಾಹ್ನದ ಓಟದಲ್ಲಿ ಹೆಚ್ಚಿನವು ದಂಡೆಯ ಕಡೆಗೇ ವಾಲಿವೆ. ಏರ್‌ಪೋರ್ಟ್‌ನಲ್ಲಿ ಬಹುಶಃ ಬರೀ ಮಳೆ. ವಿಮಾನ ಸರಿಯಾದ ಹೊತ್ತಿಗೆ ಇಳಿದರೂ ಇಳಿಯಬಹುದು. ನಿಮ್ಮ ಮನೆ ಹತ್ತಿರ ಹಿಮ, ಆಮೇಲೆ ಸ್ಲೀಟ್. ಈ ಎರಡರ ನಡುವಿನ 45 ಮೈಲಿಯಲ್ಲಿ ಎಲ್ಲೋ ಒಂದು ಕಡೆ ಮಳೆ ಬಿದ್ದು ಹೆಪ್ಪುಗಟ್ಟುವ ಪಟ್ಟಿ ಇರುತ್ತೆ. ಅದು ಹತ್ತು ಮೈಲಿ ಅಗಲ ಇರಬಹುದು, ಎಲ್ಲಿ ಅಂತ ಇವತ್ತು ಯಾರೂ ಹೇಳಲಾರರು. ಆದರೆ ನಿಮ್ಮ ರಸ್ತೆ ಅದನ್ನ ದಾಟಲೇಬೇಕು, ಅದೂ ಬೆಳಿಗ್ಗೆ 7ರಿಂದ 11ರ ನಡುವೆ, ಹೋಗೋದು ಬರೋದು ಎರಡೂ.

3 ಆಗಲಿ 14 ಆಗಲಿ ಬದಲಾಗದ ಸಂಗತಿ ಇದೊಂದೇ. ನಾನಾಗಿದ್ದರೆ ಬುಧವಾರಕ್ಕೆ ಬದಲಿಸುತ್ತಿದ್ದೆ.

ಗಾಳಿ_ಗೋಪುರ · 6:10

ಬಿಸಿಲು ಬಂದರೆ ಬೈಗುಳ ಯಾರಿಗೆ?

ಅರ್ಧ_ಡಿಗ್ರಿ · 6:12

ನನಗೇ. ಅಭ್ಯಾಸ ಆಗಿದೆ.

ಕಿಟಕಿ_ಪಕ್ಕ · ರಾತ್ರಿ 8:45

ಬದಲಿಸಿದೆ. ಅಮ್ಮನಿಗೆ ಫೋನ್ ಮಾಡಿ ಹಿಮ ಬರುತ್ತೆ ಅಂದೆ. "ಎಷ್ಟು?" ಅಂದರು. ಗೊತ್ತಿಲ್ಲ ಅಂದೆ. "ಗೊತ್ತಿಲ್ಲದೆ ಟಿಕೆಟ್ ಬದಲಿಸಿದ್ಯಾ?" ಅಂದರು.

ಮಂಜು_ಮಂಕು · ಸೋಮವಾರ ಸಂಜೆ 6:20

ನನ್ನ ಮನೆ ನಿಮ್ಮಿಂದ ಹದಿನೈದು ಮೈಲಿ. ಹೊರಗೆ ಈಗ 3 ಡಿಗ್ರಿ ಇದೆ. ಸೊನ್ನೆಗಿಂತ ಮೇಲೆ! ಮಳೆನೇ ಬರೋದು, ಬರೆದಿಟ್ಟುಕೊಳ್ಳಿ.

ಅರ್ಧ_ಡಿಗ್ರಿ · 6:28

ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಹೇಳುವ ಡ್ಯೂ ಪಾಯಿಂಟ್ ನೋಡಿದ್ರಾ?

ಮಂಜು_ಮಂಕು · 6:31

ಮೈನಸ್ 5.

ಅರ್ಧ_ಡಿಗ್ರಿ · 6:36

ಗಾಳಿ ಒಣಗಿದೆ. ಮೊದಲು ಬೀಳೋದು ದಾರಿಯಲ್ಲೇ ಆವಿಯಾಗುತ್ತೆ, ಆವಿಯಾಗ್ತಾ ಗಾಳಿಯನ್ನ ತಣ್ಣಗೆ ಮಾಡುತ್ತೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಚಳಿಯಾಗಲ್ವಾ, ಹಾಗೇ. 3 ಮತ್ತು ಮೈನಸ್ 5 ಸೇರಿದರೆ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಲ್ಲುತ್ತೆ. ಹಿಮದಿಂದಲೇ ಶುರುವಾಗುತ್ತೆ ನೋಡ್ತಿರಿ.

ಮಂಜು_ಮಂಕು · 8:50

ರೇಡಾರ್‌ನಲ್ಲಿ ಒಂದು ಗಂಟೆಯಿಂದ ನನ್ನ ತಲೆ ಮೇಲೆ ಹಿಮದ ನೀಲಿ ಬಣ್ಣ ಇದೆ. ಹೊರಗೆ ಒಂದು ಹನಿ ಇಲ್ಲ, ಒಂದು ಚಕ್ಕೆ ಇಲ್ಲ.

ಬ್ಯಾರೋಮೀಟರ್ · 8:53

ಈಗಷ್ಟೇ ಹೇಳಿದರಲ್ಲ. ಮೇಲೆ ಬೀಳ್ತಿದೆ, ನೆಲ ಮುಟ್ಟೋ ಮೊದಲೇ ಒಣಗಾಳಿ ಕುಡಿದುಬಿಡ್ತಿದೆ.

ಮಂಜು_ಮಂಕು · 9:35

ಹಿಮ. ಥರ್ಮಾಮೀಟರ್ 0.5. ಸರಿ, ಅಳಿಸಿ ಹಾಕಿ ನಾನು ಬರೆದಿದ್ದನ್ನ.

ಕಿಟಕಿ_ಪಕ್ಕ · 10:10

ಇಲ್ಲೂ ಶುರು! ಕಪ್ಪು ಜಾಕೆಟ್ ತೋಳು ಕಿಟಕಿಯಿಂದ ಹೊರಗೆ ಚಾಚಿದೆ. ಆರು ಕಡ್ಡಿಯ ನಕ್ಷತ್ರಗಳು, ಒಂದೊಂದೂ ಬಿಡಿಬಿಡಿ. ಉಸಿರು ತಾಗಿದರೆ ಕರಗಿಹೋಗುತ್ತೆ. ಇಷ್ಟು ವರ್ಷ ಇದ್ದರೂ ಹೀಗೆ ನೋಡೇ ಇರಲಿಲ್ಲ.

ಅರ್ಧ_ಡಿಗ್ರಿ · 10:18

ಒಳ್ಳೆ ಸೂಚನೆ. ಆ ಆಕಾರ ಬೆಳೆಯೋದು ಮೈನಸ್ 12ರಿಂದ ಮೈನಸ್ 18 ಡಿಗ್ರಿಯ ಮೋಡದಲ್ಲಿ, ಹಗುರಾಗಿ ಕೂರುತ್ತೆ, ಬೇಗ ಎತ್ತರ ಆಗುತ್ತೆ. ತೋಳು ಚಾಚ್ತಾ ಇರಿ. ಹಿಮ ಅಳೆಯೋಕೆ ಹಿತ್ತಿಲಲ್ಲಿ ಒಂದು ಬಿಳಿ ಹಲಗೆ ಇಡಿ, ಮರ, ಗೋಡೆಯಿಂದ ದೂರ.

ಕಿಟಕಿ_ಪಕ್ಕ · ಮಂಗಳವಾರ ನಸುಕು 3:50

ನಿದ್ದೆ ಬರ್ತಿಲ್ಲ. 5 ಇಂಚು ಆಗಿದೆ. ಈಗ ಚಕ್ಕೆಗಳು ಭಾರಿ ದೊಡ್ಡದಾಗಿವೆ, ಹತ್ತಿ ಉಂಡೆ ಹಾಗೆ. 14 ಆಗೇ ಆಗುತ್ತೆ ಅನ್ಸುತ್ತೆ!

ಅರ್ಧ_ಡಿಗ್ರಿ · 3:56

ಅಯ್ಯೋ, ಅದು ಕೆಟ್ಟ ಸುದ್ದಿ. ಚಕ್ಕೆಗಳು ಒಂದಕ್ಕೊಂದು ಅಂಟಿಕೊಳ್ತಿವೆ ಅಂದರೆ ಮೇಲೆಲ್ಲೋ ಅವುಗಳ ಅಂಚು ಕರಗ್ತಿದೆ. ಬೆಚ್ಚನೆ ಪದರ ಬಂತು. ರೇಡಾರ್‌ನಲ್ಲಿ ಕೋರಿಲೇಶನ್ ಕೋಎಫಿಶಿಯೆಂಟ್ ಅಂತ ಒಂದು ಚಿತ್ರ ಇರುತ್ತೆ, ಬೀಳೋದೆಲ್ಲ ಒಂದೇ ತರ ಇದ್ದರೆ ಅದು 1ರ ಹತ್ತಿರ, ಕರಗೋದೂ ಕರಗದ್ದೂ ಬೆರೆತಲ್ಲಿ ಇಳಿಯುತ್ತೆ. ಆ ಇಳಿದ ಗೆರೆ ಈಗ ನಿಮ್ಮ ಊರಿನ ಆಗ್ನೇಯಕ್ಕೆ ಬಂದು ನಿಂತಿದೆ. ಅರ್ಧ ಗಂಟೆ ಕೊಡಿ.

ಕಿಟಕಿ_ಪಕ್ಕ · 4:31

ಕಿಟಕಿ ಗಾಜಿಗೆ ಟಿಕ್ ಟಿಕ್ ಟಿಕ್ ಶುರುವಾಗಿದೆ. ಯಾರೋ ಮರಳು ಎರಚಿದ ಹಾಗೆ. ಅರ್ಧ ಗಂಟೆಗೆ ಐದೇ ನಿಮಿಷ ಜಾಸ್ತಿ. ನೀವು ಎಲ್ಲಿಂದ ನೋಡ್ತಿದ್ದೀರಿ, ನಮ್ಮ ಮಾಳಿಗೆ ಮೇಲಿಂದಾನಾ?

ಸಲಿಕೆ_ಸರದಾರ · ಬೆಳಿಗ್ಗೆ 8:15

ನನ್ನ ಕಡೆ 7. ಸುಮ್ನೆ ಹೇಳ್ತಿದ್ದೇನೆ.

ಬ್ಯಾರೋಮೀಟರ್ · 8:20

ಎಲ್ಲಿ ಅಳೆದಿರಿ?

ಸಲಿಕೆ_ಸರದಾರ · 8:22

ಕಾರಿನ ಟಾಪ್ ಮೇಲೆ.

ಬ್ಯಾರೋಮೀಟರ್ · 8:29

ಲೆಕ್ಕಕ್ಕಿಲ್ಲ. ಗಾಳಿ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಗುಡ್ಡೆ ಹಾಕಿರುತ್ತೆ. ಹಲಗೆ ಮೇಲೆ ಅಳೆಯಬೇಕು, ಹಲಗೆ ಒರೆಸೋದು ಆರು ಗಂಟೆಗೆ ಒಂದು ಸಲಕ್ಕಿಂತ ಜಾಸ್ತಿ ಇಲ್ಲ. ಗಂಟೆಗೊಮ್ಮೆ ಒರೆಸಿ ಕೂಡಿಸಿದರೆ 7 ಏನು, 10 ಕೂಡ ಬರುತ್ತೆ, ಹಿಮ ತನ್ನ ಭಾರಕ್ಕೆ ತಾನೇ ಕುಸಿಯೋಕೆ ಬಿಡದೇ ಇದ್ದರೆ.

ಸಲಿಕೆ_ಸರದಾರ · 8:31

ಕಾರೂ ಹಲಗೆ ತರಾನೇ ಚಪ್ಪಟೆ ಇದೆ. 7 ಅಂದರೆ 7.

ಗಾಳಿ_ಗೋಪುರ · 8:50

ಟಿವಿಯಲ್ಲಿ ಇನ್ನೂ 8ರಿಂದ 12 ಅಂತಲೇ ಓಡ್ತಿದೆ. ರಾತ್ರಿಯಿಡೀ ಇಲ್ಲಿ ಗೊತ್ತಾದದ್ದು ಅವರಿಗೆ ಗೊತ್ತಾಗಲಿಲ್ವಾ?

ಬ್ಯಾರೋಮೀಟರ್ · 9:15

ಗೊತ್ತಿದ್ದೂ ಬದಲಿಸದೇ ಇರೋದೂ ಉಂಟು. 2017ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ಗೆ ಹೀಗೇ ಆಯ್ತು. ಸ್ಲೀಟ್ ಬರುತ್ತೆ, ಹಿಮ ಕಡಿಮೆಯಾಗುತ್ತೆ ಅಂತ ಹಿಂದಿನ ದಿನವೇ ಅಮೆರಿಕದ ಹವಾಮಾನ ಇಲಾಖೆಯವರಿಗೆ ಕಂಡಿತ್ತು. ಕೊನೆ ಗಳಿಗೆಯಲ್ಲಿ ಸಂಖ್ಯೆ ಇಳಿಸಿದರೆ ಜನ ಅಪಾಯ ಕಳೆಯಿತು ಅಂದುಕೊಳ್ಳುತ್ತಾರೆ ಅಂತ ಮೊದಲಿನ ದೊಡ್ಡ ಮುನ್ಸೂಚನೆಯನ್ನ ಹಾಗೇ ಬಿಟ್ಟರು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದಿದ್ದು 7.6.

ಗಾಳಿ_ಗೋಪುರ · 9:18

ಅಂದರೆ ಸುಳ್ಳು ಹೇಳಿದರು.

ಅರ್ಧ_ಡಿಗ್ರಿ · 9:40

ಸುಳ್ಳು ಅನ್ನಲ್ಲ. ಆದರೆ ನನಗೂ ಸರಿ ಅನಿಸಲ್ಲ. "ಹಿಮ ಕಡಿಮೆ, ಐಸ್ ಜಾಸ್ತಿ, ರಸ್ತೆ ಇನ್ನೂ ಕೆಟ್ಟದು" ಅಂತ ಹೇಳಿದರೆ ಜನಕ್ಕೆ ಅರ್ಥ ಆಗಲ್ಲ ಅಂತ ಯಾಕೆ ಅಂದುಕೊಳ್ಳಬೇಕು? ಸಂಖ್ಯೆ ಇಳಿಯಿತು ಅಂದರೆ ಅಪಾಯ ಇಳಿಯಿತು ಅಂತ ಕಲಿಸಿದ್ದೂ ಅವರೇ ಅಲ್ವಾ, ಬಣ್ಣದ ಮ್ಯಾಪ್ ತೋರಿಸಿ ತೋರಿಸಿ.

ಒದ್ದೆ_ಕೈಗವಸು · 9:44

ಅವರ ಕೆಲಸ ಮಾಡಿ ನೋಡಿ, ಗೊತ್ತಾಗುತ್ತೆ. ಏನು ಹೇಳಿದರೂ ಬೈತೀರಿ.

ಕಿಟಕಿ_ಪಕ್ಕ · ಮಧ್ಯಾಹ್ನ 1:20

ಬಿರುಗಾಳಿ ಮುಗಿಯಿತು. ಹಲಗೆ ಮೇಲೆ 5.5 ಇಂಚು, ಮೇಲಿನ ಅರ್ಧ ಇಂಚು ಸ್ಲೀಟ್ ಹೊದಿಕೆ. ಸ್ಕೇಲ್ ಚುಚ್ಚಿದರೆ ಮೊದಲು ಕರಕ್ ಅನ್ನುತ್ತೆ, ಆಮೇಲೆ ಸರಕ್ಕನೆ ಇಳಿಯುತ್ತೆ.

ಇನ್ನೊಂದು ಸುದ್ದಿ. ಅಮ್ಮ ಬರಬೇಕಿದ್ದ ವಿಮಾನ 9:05ಕ್ಕೆ ಇಳಿದಿದೆ. ಏರ್‌ಪೋರ್ಟ್‌ನಲ್ಲಿ ಬರೀ ಮಳೆಯಂತೆ. ಆದರೆ ನಮ್ಮ ಹೆದ್ದಾರಿಯಲ್ಲಿ ಮನೆಯಿಂದ ಇಪ್ಪತ್ತು ಮೈಲಿ ಆಚೆ ಬೆಳಿಗ್ಗೆ 6ರಿಂದ ರಸ್ತೆ ಬಂದ್. ಐಸ್ ಮೇಲೆ ಲಾರಿ ಅಡ್ಡ ಬಿದ್ದಿದೆ, ಹಿಂದೆ ಕಾರುಗಳ ಸಾಲು. ನಾನು ಹೊರಟಿದ್ದರೆ ಆ ಸಾಲಿನಲ್ಲೇ ಇರುತ್ತಿದ್ದೆ, ಅಮ್ಮ ಏರ್‌ಪೋರ್ಟ್ ಬೆಂಚಿನ ಮೇಲೆ.

ಅರ್ಧ_ಡಿಗ್ರಿ · 1:32

ಇಪ್ಪತ್ತು ಮೈಲಿ. ನಾನು ಮನಸ್ಸಿನಲ್ಲಿ ಮೂವತ್ತು ಅಂದುಕೊಂಡಿದ್ದೆ.

ಮಂಜು_ಮಂಕು · 1:40

ಇಲ್ಲಿ 3 ಇಂಚು, ಆಮೇಲೆ ಐಸ್. ಕರೆಂಟ್ ಇಲ್ಲ. ಫೋನ್ 12 ಪರ್ಸೆಂಟ್. ಆದರೂ ಓದ್ತಿದ್ದೇನೆ.

ಗಾಳಿ_ಗೋಪುರ · 2:05

ಹಾಗಾದರೆ ಆಪ್ ಹೇಳಿದ 3 ಮಂಕು ಅವರ ಮನೆಗೆ ಸರಿ, 7 ಸರದಾರರ ಕಾರಿಗೆ ಸರಿ. 14 ಯಾರ ಮನೆಗೆ ಬಿತ್ತು?

ಕೆರೆ_ದಂಡೆ · 2:11

ಒಳನಾಡಿನ ಬೆಟ್ಟದ ಮೇಲೆ 15 ಅಂತೆ. ಮ್ಯಾಪ್ ಸರಿಯಾಗೇ ಇತ್ತು, ಬೇರೆಯವರ ಊರಿಗೆ.

ಕಿಟಕಿ_ಪಕ್ಕ · ಬುಧವಾರ ರಾತ್ರಿ 8:30

ಅಮ್ಮ ಬಂದರು. ರಸ್ತೆ ಚೊಕ್ಕವಾಗಿತ್ತು, ಬಿಸಿಲಿತ್ತು. ಹಿತ್ತಿಲಲ್ಲಿ ಹಲಗೆ ನೋಡಿದವರೇ, "ಇದ್ಯಾಕೋ ಹೊರಗೆ ಹಾಕಿದ್ದೀಯ, ನೆನೆದು ಹಾಳಾಗುತ್ತೆ" ಅಂದರು. ಒಳಗೆ ತಂದಿಟ್ಟಿದ್ದೇನೆ.